ಹಡಗಿನ ಮೂರನೆಯ ತಟ್ಟೆ

ಅತ್ತೆ ಎರ್ರೆಮ್ಮ ತೀರಿಕೊಂಡ ಮೇಲೆ ನನ್ನ ಹೆಂಡತಿ ಚಂದ್ರಕಲಾ ಊಟವನ್ನೇ ಬಿಟ್ಟಿದ್ದಳು. ಜಾಗ ಬದಲಾದರೆ ಉಂಡಾಳೆಂದು ಹೊಸಪೇಟೆಯಿಂದ ಮುಂಬೈಗೆ ಹೋಗಿ ಕ್ರೂಸ್ ಹಡಗು ಹತ್ತಿದೆವು.

ಮೊದಲ ಮಧ್ಯಾಹ್ನವೇ ವೇಟರ್ ಕೇಳದೆ ಮೂರು ತಟ್ಟೆ ಊಟ ತಂದಿಟ್ಟ. ಖಾಲಿ ಕುರ್ಚಿಯಿಂದ ಅತ್ತೆಯ ಹೊಗೆಸೊಪ್ಪಿನ ವಾಸನೆ ಬಂತು.

"ರೀ, ಆ ಕಡೆ ತಿರುಗ್ರಿ. ಅಳಿಯನ ಮುಂದ ಅವ್ವ ಉಣ್ಣಂಗಿಲ್ಲ. ಆಕಿ ಉಂಡ್ರ ನಾನೂ ಉಣ್ತೀನಿ," ಎಂದಳು ಚಂದ್ರಕಲಾ.

ಹೆಂಡತಿಯ ಅಪ್ಪಣೆಯಂತೆ ತಿರುಗಿ ಊಟದ ಹಾಲಿನ ಸ್ಟೇಜಿನ ಮೇಲಿನ ಕುಣಿತ ನೋಡಿದೆ. ಮತ್ತೆ ಇತ್ತ ತಿರುಗಿದರೆ ಅವಳದೂ ಅತ್ತೆಯದೂ ಎರಡೂ ತಟ್ಟೆ ಖಾಲಿ. ದಿನವೂ ಹೀಗೇ. ಇವಳೇ ತಿನ್ನುತ್ತಿರಬೇಕು, ತಿನ್ನಲಿ ಎಂದುಕೊಂಡೆ.

ಕೊನೆಯ ದಿನ ಅನುಮಾನ ತಡೆಯದೆ ಅವಳ ಎರಡೂ ಕೈ ಹಿಡಿದು, ಅವಳನ್ನೂ ಸ್ಟೇಜಿನ ಕಡೆ ತಿರುಗಿಸಿದೆ.

"ಬಿಡ್ರಿ, ಮಂದಿ ನೋಡ್ತಾರ!"

ಕುಣಿತ ಮುಗಿಯುವವರೆಗೂ ಬಿಡಲಿಲ್ಲ. ಮೂರನೆಯ ತಟ್ಟೆ ಖಾಲಿಯಾಗಿತ್ತು. ಅದರಲ್ಲಿ ಕೈ ತೊಳೆದ ನೀರು ಇನ್ನೂ ಅಲುಗುತ್ತಿತ್ತು.