ನಾಲ್ಕನೆಯ ನಿಂಬೆಹಣ್ಣು

ಗುಜರಿಗೆ ಬಿದ್ದಿದ್ದ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರನ್ನು ಆರು ವರ್ಷ ಹಿರಿಯೂರಿನ ನಮ್ಮ ಮನೆಯಂಗಳದಲ್ಲೇ ರಿಪೇರಿ ಮಾಡಿದೆ. ಕೊನೆಗೆ ಹೊಸ ಟೈರು ಹಾಕಿ ಪೂಜೆ ಮಾಡಿದೆವು. ಹೆಂಡತಿ ಬರಗೇರಮ್ಮ ನಾಲ್ಕೂ ಗಾಲಿಗೆ ನಿಂಬೆಹಣ್ಣಿಟ್ಟಳು. ಕಾರು ಮುಂದೆ ಬಿಟ್ಟೆ. ಮೂರು ಹಣ್ಣು ಒಡೆದವು. ಹಿಂದಿನ ಎಡಗಾಲಿ ದಾಟಿದ್ದು ಮಾತ್ರ ಇಟ್ಟ ಹಾಗೇ ಇತ್ತು. ಸುಡುಬಿಸಿಲಲ್ಲೂ ಮುಟ್ಟಿದರೆ ತಣ್ಣಗಿತ್ತು.

ತಗಡಿನ ಕೆಲಸ ಮಾಡಿಕೊಟ್ಟಿದ್ದ ದಿಲಾವರ್ ಸಾಬರು ಬಗ್ಗಿ ನೋಡಿ, "ಗಾಲಿ ನೆಲಕ್ಕೇ ಕುಂತೈತಲ್ರಿ, ಹಣ್ಣು ಹೆಂಗ್ ಉಳೀತು?" ಅಂದರು.

ಬರಗೇರಮ್ಮ ಹಿಂದೆ ಸರಿದಳು. "ಆ ಎಡಗಡೆ ಸೀಟಿಗೆ ನಾನು ಕುಂದ್ರಲ್ಲ ಕಣ್ರಿ."

ಹಾಗಾಗಿ ಐಮಂಗಲದ ಕಡೆಗೆ ನಾನೊಬ್ಬನೇ ಓಡಿಸಿಕೊಂಡು ಹೋಗುತ್ತೇನೆ. ನನ್ನ ಎಡಮಗ್ಗುಲು ತಣ್ಣಗಿರುತ್ತದೆ. ಆ ಕಡೆ ತಿರುಗಿ ನೋಡುವುದಿಲ್ಲ. ನಲವತ್ತು ಸಾವಿರ ಕಿಲೋಮೀಟರ್ ಆಯಿತು. ಮೂರು ಟೈರು ಸವೆದು ಬದಲಾದವು. ಹಿಂದಿನ ಎಡಗಾಲಿಯಲ್ಲಿ, ನೆಲ ಮುಟ್ಟುವ ಜಾಗದಲ್ಲಿ, ಹೊಸ ಟೈರಿಗಿರುವ ಕೂದಲಿನಂಥ ರಬ್ಬರ್ ಎಳೆಗಳು ಇನ್ನೂ ನೆಟ್ಟಗೆ ನಿಂತಿವೆ.