ಶನಿವಾರದ ಕಾಪಿ

ಕಂಪ್ಯೂಟರಿನಲ್ಲಿ ತನ್ನ ಮನೆಯ ಫೋನ್ ನಂಬರಿನ ಕೊನೆಯ ಅಂಕಿ ಒತ್ತುವ ಹೊತ್ತಿಗೆ ಊದುಬತ್ತಿಯ ಬೂದಿ ಕೀಬೋರ್ಡಿನ ಮೇಲೆ ಉದುರಿತು. ತನುಜಾ ಅದನ್ನು ಊದಿ ಸರಿಸಿ, ಅಳಿಸುವ ಗುಂಡಿ ಒತ್ತಿದಳು. ಹೆಣ್ಣು ಕೇಳಿ ಆ ನಂಬರಿಗೆ ಬಂದಿದ್ದ ಸಂದೇಶಗಳೆಲ್ಲ ಒಟ್ಟಿಗೇ ಹೋದವು. ಒಂದನ್ನೂ ಓದಲಿಲ್ಲ. ಓದಿದರೆ ಕೇಳಿದವನಿಗೊಂದು ಮುಖ ಬರುತ್ತದೆ. ಮುಖ ಬಂದವನನ್ನು ಅಳಿಸುವುದು ಕಷ್ಟ.

ಹಿಂದೂಪುರದ ಆ ಮದುವೆ ವೆಬ್‌ಸೈಟಿನ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ಅವಳೊಬ್ಬಳೇ. ಮಗಳು ಹರಿತಾಳ ಹೆಸರನ್ನು ಸೈಟಿಗೆ ಸೇರಿಸಿದ್ದೂ ಅವಳೇ, ಜನರ ಬಾಯಿಗೆ ಹೆದರಿ. ಗಂಡ ಹೋದ ಮೇಲೆ ಮನೆಯಲ್ಲಿ ಉಳಿದದ್ದು ಹರಿತಾಳ ದನಿಯೊಂದೇ. ಸಂಜೆ ಶಾಲೆಯಲ್ಲಿ ಪಾಠ ಹೇಳಿ ಬಂದು ಚಪ್ಪಲಿ ಬಿಡುತ್ತಲೇ ಮಕ್ಕಳ ಚೇಷ್ಟೆ ಹೇಳಲು ಶುರುಮಾಡುವ ಆ ದನಿಯನ್ನು ಯಾರಿಗೋ ಕೊಟ್ಟು, ತಾನು ಗೋಡೆ ನೋಡುತ್ತ ಉಣ್ಣಬೇಕೇ?

"ಯಾರೂ ಕೇಳ್ತಾನೇ ಇಲ್ಲ ಕಣೆ" ಎಂದರೆ ಹರಿತಾ ನಗುತ್ತಿದ್ದಳು. "ಮೊದ್ಲು ನಿನ್ ಚಿಂತೆ ತೀರ್ಲಿ ಬಿಡಮ್ಮ, ಆಮೇಲೆ ನಂದು."

ಅವಳು ಅಳಿಸಿ ಮುಗಿಸಿದ ಆ ಸೋಮವಾರವೇ ಮಾಲೀಕ ಓಬುಳಪತಿ ಬಂದವನೇ ಹೇಳಿದ: "ತನುಜಮ್ಮ, ಕಲ್ಯಾಣದುರ್ಗದೋರೊಬ್ರು ನಿಮ್ಮನೆಗೇ ಮೂರು ಸಲ ಕೇಳವ್ರಂತೆ ಕಣಮ್ಮ. ಮೊನ್ನೆ ಶನಿವಾರಾನೂ ಕೇಳವ್ರಂತೆ. ಒಂದ್ಕೂ ಉತ್ರ ಇಲ್ಲ. ನಮ್ ಸೈಟೇ ನುಂಗ್ಬುಡ್ತೈತೇನೋ. ನಾಳೆ ಶನಿವಾರದ ಸಿ.ಡಿ. ಕಾಪಿ ತರ್ಸಿ ನೋಡಾನ."

"ಸರಿ ಸಾ."

ಪ್ರತಿ ಶನಿವಾರ ಸಂಜೆ ಇಡೀ ಡೇಟಾಬೇಸನ್ನು ಸಿ.ಡಿ.ಗೆ ಬರೆದು ಕಲ್ಯಾಣದುರ್ಗದ ಶಾಖೆಗೆ ಬಸ್ಸಿನಲ್ಲಿ ಕಳಿಸುವ ಪದ್ಧತಿ. ಈ ಕಟ್ಟಡಕ್ಕೆ ಬೆಂಕಿ ಬಿದ್ದರೂ ಸಂಬಂಧಗಳು ಉಳಿಯಲಿ ಎಂದು ಅದನ್ನು ಶುರುಮಾಡಿದವಳು ತನುಜಾಳೇ. ಶನಿವಾರ ಬಂದದ್ದನ್ನು ಅವಳು ಅಳಿಸುತ್ತಿದ್ದುದು ಸೋಮವಾರ. ಅಂದರೆ ಈ ಬೆಳಿಗ್ಗೆ ಅಳಿಸಿದ್ದು ಆ ಸಿ.ಡಿ.ಯಲ್ಲಿ ಹಾಗೇ ಇದೆ.

ತನುಜಾ ಅಳಿಸಿದ ಮೇಲಿನ ಸೈಟನ್ನು ಹೊಸ ಸಿ.ಡಿ.ಗೆ ಬರೆದು, ಮೇಲೆ ಶನಿವಾರದ ತಾರೀಕು ಹಾಕಿದಳು. ಅಕ್ಷರ ಎರಡರಲ್ಲೂ ಅವಳದೇ. ತಾನು ಇಟ್ಟಿದ್ದ ಉದ್ದದ ಪಾಸ್‌ವರ್ಡ್ ತೆಗೆದು, ಓಬುಳಪತಿ ಹಿಂದೆ ಟೀ ಅಂಗಡಿಯವನಿಗೂ ಹೇಳಿದ್ದ 'ಲೇಪಾಕ್ಷಿ'ಯನ್ನೇ ಮತ್ತೆ ಇಟ್ಟಳು. ಆಮೇಲೆ ಸೈಟನ್ನು ಪೂರ್ತಿ ಬರಿದು ಮಾಡಿದಳು. ಯಾರೋ ಹೊರಗಿನವರು ನುಗ್ಗಿದ್ದಾರೆಂದು ಎಲ್ಲರೂ ನಂಬಬೇಕು. ತಾನು ಓಡಿಹೋಗಿ ಅಲ್ಲಿನ ಸಿ.ಡಿ. ಮುರಿದು, ಈ ಹೊಸದನ್ನೇ ಶನಿವಾರದ ಕಾಪಿ ಎಂದು ತಂದು ಹಾಕಬೇಕು. ತಿರುಗಿ ಬಂದ ಸೈಟಿನಲ್ಲಿ ಅವಳ ಕೈಯ ಗುರುತೇ ಇರುವುದಿಲ್ಲ.

ಖಾಲಿ ಪರದೆ ನೋಡಿ ಓಬುಳಪತಿ ತಲೆ ಹಿಡಿದು ಕೂತ. "ಈಗ್ಲೇ ಹೋಗಮ್ಮ, ಪುಣ್ಯ ಬತ್ತೈತೆ" ಎಂದು ಬಸ್ ಚಾರ್ಜನ್ನೂ ಕೊಟ್ಟ.

ಕಲ್ಯಾಣದುರ್ಗದ ಶಾಖೆಯೆಂದರೆ ವೀರಭದ್ರಮ್ಮನ ಮನೆಯ ಮುಂದಿನ ಕೋಣೆ. ಎರಡನೇ ಮದುವೆಯವರ ವಿಭಾಗ ಪೂರ್ತಿ ಆಕೆಯದೇ.

"ಏಮ್ಮಾ ತನುಜಾ, ರಾ ರಾ, ಒಳೀಕ್ ಬಾ. ಮೂರು ಸಲ ಕೇಳಿದ್ರೂ ಉಸ್ರಿಲ್ದೋಳು ಇವತ್ತು ನೀನೇ ಬಂದ್ಬುಟ್ಯಾ? ಅದೂ ಈ ಹಳೇ ಸೀರೇಲಿ?"

"ಕೆಲ್ಸದ ಮ್ಯಾಲೆ ಬಂದೆ ಅಕ್ಕ. ಸಿ.ಡಿ. ಬೇಕಿತ್ತು."

"ಕೆಲ್ಸ ಅಂತಾನೇ ಅನ್ನು" ಎಂದು ನಗುತ್ತ, ಬೀರುವಿನಿಂದ ಸಿ.ಡಿ. ತೆಗೆದುಕೊಟ್ಟು, ಟೀ ಇಡಲು ಒಳಗೆ ಹೋದಳು.

ಬದಲಾಯಿಸುವ ಮುಂಚೆ, ಮುರಿಯಬೇಕಾದದ್ದು ಇದೇ ತಾನೇ ಎಂದು ಖಚಿತಪಡಿಸಿಕೊಳ್ಳಲು ತನುಜಾ ಅದನ್ನು ಅಲ್ಲಿನ ಕಂಪ್ಯೂಟರಿಗೆ ಹಾಕಿದಳು. ಮೊದಲ ಸಲ ಓದಿದಳು. ರಾಮಾಂಜಿನೇಯ, ನಲವತ್ತೇಳು ವರ್ಷ, ಹೆಂಡತಿ ತೀರಿಹೋಗಿದ್ದಾರೆ, ಬೋರ್‌ವೆಲ್ ಮೋಟರ್ ರಿಪೇರಿ ಅಂಗಡಿ. ಈ ಪ್ರಾಯದವನಿಗೆ ತನ್ನ ಹರಿತಾಳೇ? ಸಿಟ್ಟು ನೆತ್ತಿಗೇರಿತು. ಆಮೇಲೆ ಕೆಳಗಿನ ಸಾಲು ಕಂಡಿತು.

ವಧು: ತನುಜಾ, ನಲವತ್ತಮೂರು. ಹೆಸರು ಸೇರಿಸಿದವರು: ಮಗಳು ಹರಿತಾ. ಫೋನು: ಮನೆಯಲ್ಲಿರುವ ಆ ಒಂದೇ ಫೋನು. ಇಷ್ಟು ದಿನ ಅವಳು ಹೆಸರು ನೋಡಿ ಅಳಿಸಿರಲಿಲ್ಲ, ನಂಬರು ಹಾಕಿ ಅಳಿಸಿದ್ದಳು. 'ಮೂರನೇ ಸಲ ಕೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ' ಎಂದು ಬರೆದಿದ್ದ ಆತ. 'ಒಬ್ಬನೇ ಕೂತು ಉಣ್ಣುವುದು ಸಾಕಾಗಿದೆ.' ಒಳಗೆ ಟೀ ಕುದಿಯುತ್ತಿತ್ತು. ಈ ಕಾಪಿ ಹಾಕಿದರೆ ಅಳಿಸಿದ ಕೈ ಯಾರದೆಂದು ಓಬುಳಪತಿಗೂ ತಿಳಿಯುತ್ತದೆ, ಹರಿತಾಳಿಗೂ ತಿಳಿಯುತ್ತದೆ. ತನುಜಾ ಆ ಸಿ.ಡಿ.ಯನ್ನು ಸೆರಗಿನಲ್ಲಿ ಒರೆಸಿ ಮತ್ತೆ ಅದರ ಕವರಿಗೇ ಹಾಕಿ, ಹಿಂದೂಪುರಕ್ಕೆ ಒಯ್ಯಲು ಎತ್ತಿಟ್ಟುಕೊಂಡಳು. ತಾನು ಬರೆದು ತಂದಿದ್ದ ಸುಳ್ಳು ಸಿ.ಡಿ.ಯನ್ನು ಚೀಲದೊಳಗೇ ಎರಡಾಗಿ ಮುರಿದಳು. "ಏನಮ್ಮ ಅದು ಸದ್ದು?" ಎಂದಳು ವೀರಭದ್ರಮ್ಮ. "ಏನಿಲ್ಲ ಅಕ್ಕ" ಎಂದಳು ತನುಜಾ.