ಬಂದವರು ಬಿಟ್ಟುಹೋದ ಹೊಯ್ಗೆ

2057ರ ಬೆಳ್ಕೋಡಿ. ಕಡಲತಡಿಯಲ್ಲಿ ಬೆಳಗಾಗುತ್ತಲೇ ದಪ್ಪ ಪೈಪೊಂದು ಗೊಳಗೊಳ ಎಂದು ಗಂಟಲು ಸರಿಮಾಡಿಕೊಂಡು ಮರಳು ಕಕ್ಕುತ್ತಿತ್ತು. ಊರವರ ಮಾತಿನಲ್ಲಿ ಹೊಯ್ಗೆ. ಸಕ್ಕರೆಯಷ್ಟು ಬಿಳಿ. ಅದಕ್ಕೆ ಕೆನ್ನೆಯಾನಿಸಿ ಪ್ರವಾಸಿಗರು ಮಲಗುತ್ತಿದ್ದರು, ಅವರ ಮಕ್ಕಳು ಕೋಟೆ ಕಟ್ಟುತ್ತಿದ್ದರು. ಪೈಪಿನ ಇನ್ನೊಂದು ತುದಿ ಎಲ್ಲಿದೆ ಎಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಇದ್ದದ್ದು ರೆಸಾರ್ಟುಗಳ ಕಕ್ಕಸಿನಲ್ಲಿ.

ಆ ಹೊಯ್ಗೆ ವಿಜ್ಞಾನಿ ಲವಿಟಾ ರೆಬೆಲ್ಲೊ ಸಾಕಿದ ಬ್ಯಾಕ್ಟೀರಿಯಾಗಳ ಕೈಚಳಕ. ಮೂತ್ರದಲ್ಲಿ ಯೂರಿಯಾ ಇರುತ್ತದೆ, ಕಡಲ ನೀರಿನಲ್ಲಿ ಸುಣ್ಣದ ಅಂಶ. ಈ ಸೂಕ್ಷ್ಮಜೀವಿಗಳು ಯೂರಿಯಾವನ್ನು ಒಡೆದು, ಸುಣ್ಣಕ್ಕೆ ಬೆಸೆದು, ಚಿಪ್ಪಿನಷ್ಟು ಗಟ್ಟಿ ಕಾಳು ಮಾಡುತ್ತಿದ್ದವು. ವಾಸನೆಯಿಲ್ಲ, ರೋಗವಿಲ್ಲ. ಕಡಲ್ಕೊರೆತ ನುಂಗಿದ್ದ ದಂಡೆ ಹೀಗೆ ಮರಳಿ ಹುಟ್ಟಿತ್ತು. ಮಳೆಗಾಲ ತಿಂದದ್ದನ್ನು ಸೀಸನ್ನಿಗೆ ಬಂದವರು ತಮಗೇ ತಿಳಿಯದೆ ತುಂಬಿಕೊಡುತ್ತಿದ್ದರು. ದಂಡೆಯ ಬೆನ್ನಿಗೇ ಇದ್ದದ್ದು ಮೀನೂಟ ಹಾಕುವ ಸಾನ್ವಿಯಕ್ಕನ ಮನೆ. ಹೊಯ್ಗೆ ಇದ್ದಷ್ಟು ಕಾಲ ಮನೆ.

ಅವಳ ಮಗ ಹಿತೇಶ ದಂಡೆಯಲ್ಲಿ ಕೊಡೆ, ಕುರ್ಚಿ ಬಾಡಿಗೆಗೆ ಕೊಡುತ್ತಿದ್ದ. ಸಿನಿಮಾ ಡೈಲಾಗಿನ ಧಾಟಿ ಬಿಟ್ಟು ಸಾದಾ ಮಾತಾಡಿ ಗೊತ್ತಿಲ್ಲದವನು. ಅನ್ನ ಬಡಿಸಿದರೂ, "ಈ ತಟ್ಟೆಗೆ ಒಬ್ನೇ ಹೀರೋ, ಬಂಗುಡೆ" ಎನ್ನುವನು. ಪೈಪಿನ ಗುಟ್ಟು ಅವನಿಗೆ ಗೊತ್ತಿತ್ತು. ಊಟಕ್ಕೆ ಬಂದಾಗಲೆಲ್ಲ ಲವಿಟಾ ಬೇಡಿಕೊಳ್ಳುತ್ತಿದ್ದರು.

"ಜನಕ್ಕೆ ಅಭ್ಯಾಸ ಆಗ್ಲಿ ಮಾರಾಯ, ಆಮೇಲೆ ನಾನೇ ಹೇಳ್ತೇನೆ. ನೀನು ಬಾಯಿ ಬಿಡ್ಬೇಡ."

"ಮೇಡಂ, ಕಡ್ಲಿಗೆ ದಂಡೆ ಇರ್ಬಹುದು. ನನ್ ಬಾಯಿಗಿಲ್ಲ."

"ಅದೇ ಹೆದ್ರಿಕೆ ನಂಗೆ."

ಡಿಸೆಂಬರಿನ ಒಂದು ಸಂಜೆ ದಪ್ಪನೆಯ ಸಾಹೇಬರೊಬ್ಬರು ಕುತ್ತಿಗೆಯವರೆಗೆ ಮರಳಲ್ಲಿ ಹೂತುಕೊಂಡು ವಿಡಿಯೊ ತೆಗೆಸಿಕೊಳ್ಳುತ್ತಿದ್ದರು. ಹಿತೇಶನಿಗೆ ನಾಲಿಗೆ ತುರಿಸಿತು. ಗಿರಾಕಿ ಕರೆಯುವ ಮೈಕ್ ಎತ್ತಿಕೊಂಡ.

"ಅಣ್ಣಾ, ಹೋದ್ ವರ್ಷ ನೀವು ರೂಮಲ್ಲಿ ಬಿಟ್ಟು ಹೋಗಿದ್ದು, ಈ ವರ್ಷ ಓಡಿ ಬಂದು ನಿಮ್ಮನ್ನೇ ಅಪ್ಕೊಂಡಿದೆ. ರಕ್ತಸಂಬಂಧ ಅಲ್ಲ ಇದು, ಅದಕ್ಕಿಂತ ಸ್ವಲ್ಪ ಕೆಳಗಿನ ಸಂಬಂಧ."

ದಂಡೆಯೆಲ್ಲ ನಕ್ಕಿತು. ನಕ್ಕಮೇಲೆ ನಿಲ್ಲಿಸುವ ಜಾತಿಯೇ ಅವನು? ಯೂರಿಯಾದಿಂದ ಪೈಪಿನವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದ. ನಗು ಒಂದೊಂದೇ ಕೊಡೆಯಡಿ ಆರಿತು.

ವಿಡಿಯೊ ಊರೂರು ಸುತ್ತಿತು. ರೂಮುಗಳು ಬಿಕೋ ಎಂದವು. ಲವಿಟಾ ಟಿವಿಯಲ್ಲಿ ಚಿಟಿಕೆ ಹೊಯ್ಗೆಯನ್ನು ನಾಲಿಗೆಗೆ ಹಾಕಿ ತೋರಿಸಿದರು. ಅದರಿಂದ ಇನ್ನಷ್ಟು ಹಾಳಾಯಿತು. ಜನರಿಲ್ಲದೆ ಪೈಪು ಒಣಗಿತು. ಮಳೆಗಾಲದ ಹೊತ್ತಿಗೆ ದಂಡೆಯ ಅರ್ಧ ಕಡಲ ಪಾಲಾಗಿತ್ತು.

ಹನಿ ಹನಿ ಕೂಡಿದರೆ ಹಳ್ಳ ಎಂದು ಊರವರೇ ತಮ್ಮ ಮನೆಗಳ ಕಕ್ಕಸನ್ನು ಪೈಪಿಗೆ ಜೋಡಿಸಿ ಹೊರಟರು. ಪೇಟೆಗೆ ಹೋದವರು ತಡೆದುಕೊಂಡು ಮನೆಗೇ ಬಂದು ಹೊಯ್ದರು. ಹಿತೇಶ ಎಳನೀರಿನ ಮೇಲೆ ಎಳನೀರು ಕುಡಿದ.

"ಮೇಡಂ, ನಾನೊಬ್ನೇ ನೂರಾಳಿಗೆ ಸಮ. ಸಾಕಲ್ಲ?"

ಲವಿಟಾ ನಗಲಿಲ್ಲ. "ಊರಿಡೀ ಸೇರಿದ್ರೂ ಒಂದು ಅಂಗಳ ತುಂಬುದಿಲ್ಲ ಹಿತೇಶ. ಕಡಲು ದಿನಾ ತಿಂತದೆ. ನನ್ ಹತ್ರ ಬೇರೆ ದಾರಿಯೂ ಇಲ್ಲ."

ಆಷಾಢದ ಒಂದು ಬೆಳಿಗ್ಗೆ ಅಲೆ ಅಡುಗೆಮನೆಯ ಗೋಡೆಯನ್ನೇ ಬಡಿಯಿತು. ಸಾಮಾನು ಹೊರಗಿಟ್ಟು ತಾಯಿ ಮಗ ನಿಂತರು. ಹಿತೇಶನ ಬಾಯಲ್ಲಿ ಡೈಲಾಗ್ ಇರಲಿಲ್ಲ.

"ನನ್ನಿಂದ್ಲೇ ಹೋಯ್ತ್ ಅಮ್ಮ."

ಸಾನ್ವಿಯಕ್ಕ ಬಿರುಕುಬಿಟ್ಟ ಗೋಡೆಗೆ ಬೆರಳು ಹಾಕಿದಳು. ಗಾರೆ ಉದುರಿ ಕಂದು ಬಣ್ಣದ ಮರಳು ಅಂಗೈ ತುಂಬ ಬಂತು.

"ಇದ್ ಹೊಳಿ ಹೊಯ್ಗಿ ಮಗಾ. ಎರ್ಡ್ ಸಾವ್ರದ ಇಪ್ಪತ್ತೈದ್, ಇಪ್ಪತ್ತಾರ್ನೇ ಇಸ್ವಿ. ನಾನ್ ಶಾಲಿಗ್ ಹ್ವಾಪತಿಗೆ ಲಾರಿ ಮೇಲ್ ಲಾರಿ ತುಂಬ್ಕಂಡ್ ಹ್ವಾತಿದ್ರ್. ನಿನ್ ಅಜ್ಜಯ್ಯನೂ ಈ ಮನಿಗ್ ತರ್ಸಿದ್ರ್. ಅದಕ್ಕಿಂತ್ ಮುಂಚೆ ಹೊಳಿಯೇ ಹೊತ್ಕಂಡ್ ಬಂದ್ ಕಡ್ಲ್ ದಂಡಿಗ್ ಹಾಕ್ತಿತ್ತ್. ಯಾರ್ ಉಚ್ಚಿಯೂ ಬೇಡ ಇದ್ದಿತ್ತ್."

ಅಲೆಯೊಂದು ಮೇಲೇರಿ ಅವಳ ಅಂಗೈಯನ್ನು ತೊಳೆದುಕೊಂಡು ಹೋಯಿತು.

ಹಿತೇಶ ಕೇಳಿದ: "ಆ ಲಾರಿ ಕಂಡ್ ಯಾರಿಗೂ ವಾಕರ್ಕಿ ಬರ್ಲಿಲ್ಯಾ ಅಮ್ಮ?"

"ಎಂತಕ್ ಬರತ್ತ್ ಮಗಾ? ಡ್ರೈವರ್ ಹಾರ್ನ್ ಹೊಡಿತಿದ್ದ. ನಾನ್ ಟಾಟಾ ಮಾಡ್ತಿದ್ದೆ."